ಮನೆಯ ಓವನ್‌ನಲ್ಲಿ ಬಾರ್ಬೆಕ್ಯೂ ರಿಬ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ನಾನು ರಿಬ್ಸ್, ಅಂದರೆ ಹಂದಿಯ ಪಕ್ಕೆಲುಬಿನ ಮಾಂಸ, ಮಾಡಿದ್ದು ಕೋಳಿ ಮಾಡಿದ ಹಾಗೆ: ಓಟಿಜಿ (ಮನೆಯ ಚಿಕ್ಕ ಕರೆಂಟ್ ಓವನ್) 200 ಡಿಗ್ರಿ, ಒಂದು ಗಂಟೆ. ಮಸಾಲೆಯಲ್ಲಿದ್ದ ಬೆಲ್ಲ ಇದ್ದಿಲಾಯ್ತು. ಕಿಟಕಿಯಿಂದ ಹೊಗೆ ಬರೋದು ನೋಡಿ ಎದುರು ಮನೆ ಆಂಟಿ ಓಡಿಬಂದು ಬೆಲ್ ಒತ್ತಿದರು. ಮಾಂಸ ಮಾತ್ರ ಹವಾಯಿ ಚಪ್ಪಲಿ. ಅಲ್ಲಿಂದ ಇಲ್ಲಿಯವರೆಗೆ ಕೆಡಿಸಿ ಕೆಡಿಸಿ ಕಲಿತದ್ದು, ಊಟಕ್ಕೆ ಬಂದವರು ಕೇಳಿದ್ದು, ಅಮೆರಿಕದಲ್ಲಿರೋ ತಂಗಿ ಫೋನಿನಲ್ಲಿ ಕೇಳಿದ್ದು ಎಲ್ಲ ಇಲ್ಲಿದೆ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಇಷ್ಟೇ: 135 ಡಿಗ್ರಿ, ಫಾಯಿಲ್ ಬಿಗಿಯಾಗಿ, ಎರಡೂವರೆಯಿಂದ ಮೂರು ಗಂಟೆ, ಸಾಸ್ ಕೊನೆಗೆ.

ಬಾರ್ಬೆಕ್ಯೂ ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡೋದಲ್ವಾ?

ನಮ್ಮ ಊರಿನ ಹೋಟೆಲ್‌ಗಳಲ್ಲಿ ಹಾಗೇ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಕಾನ್ಸಾಸ್ ಸಿಟಿ, ಮೆಂಫಿಸ್ ಕಡೆ ಬಾರ್ಬೆಕ್ಯೂ ಅಂದರೆ ಬೇರೆ. ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ಹಿಕರಿ ಅಥವಾ ಓಕ್ ಸೌದೆಯ ಹೊಗೆ ಮತ್ತು ಹದವಾದ ಕಾವಿನಲ್ಲಿ ಗಂಟೆಗಟ್ಟಲೆ ಬೇಯಬೇಕು. ಜ್ವಾಲೆ ಮಾಂಸಕ್ಕೆ ತಾಗೋದೇ ಇಲ್ಲ. ಈ ಎರಡರಲ್ಲಿ ಕಾವನ್ನು ನಮ್ಮ ಓವನ್ ಚೆನ್ನಾಗಿ ಕೊಡುತ್ತೆ, ಹೊಗೆಯನ್ನು ಕೊಡಲ್ಲ. ಅದಕ್ಕೇ ನಾನು ಇದನ್ನು ‘ಬಾರ್ಬೆಕ್ಯೂ ಶೈಲಿ’ ಅಂತ ಕರೆಯೋದು. ಕಾನ್ಸಾಸ್ ಸಿಟಿಯವರು ಕೇಳಿಸಿಕೊಂಡರೂ ಜಗಳಕ್ಕೆ ಬರಬಾರದು ನೋಡಿ.

ಯಾವ ರಿಬ್ಸ್ ತರಬೇಕು?

ಹಂದಿಯ ಪಕ್ಕೆಯಲ್ಲಿ ಎರಡು ಭಾಗ. ಬೆನ್ನಿನ ಹತ್ತಿರದ್ದು ಬೇಬಿ ಬ್ಯಾಕ್. ಮೂಳೆ ಗಿಡ್ಡ, ಬಾಗಿರುತ್ತೆ, ಕೊಬ್ಬು ಕಡಿಮೆ, ಬೇಗ ಬೇಯುತ್ತೆ. ಹೆಸರಲ್ಲಿ ಬೇಬಿ ಅಂತಿದ್ದರೂ ಮರಿಹಂದಿಯದ್ದಲ್ಲ, ಮೂಳೆ ಚಿಕ್ಕದು ಅಂತ ಆ ಹೆಸರು. ಹೊಟ್ಟೆಯ ಕಡೆಯದ್ದು ಸ್ಪೇರ್ ರಿಬ್ಸ್. ಉದ್ದ, ಚಪ್ಪಟೆ, ಕೊಬ್ಬು ಜಾಸ್ತಿ. ಸ್ಪೇರ್ ರಿಬ್ಸ್‌ನ ತುದಿಯ ಮೆತ್ತೆಲುಬನ್ನೆಲ್ಲ ಕತ್ತರಿಸಿ ಆಯತಾಕಾರ ಮಾಡಿದರೆ ಅದು ಸೇಂಟ್ ಲೂಯಿಸ್ ಕಟ್. ನನ್ನ ಓಟು ಸ್ಪೇರ್ ರಿಬ್ಸ್‌ಗೆ. ಕೊಬ್ಬಿರೋದರಿಂದ ಹತ್ತು ನಿಮಿಷ ಹೆಚ್ಚುಕಮ್ಮಿ ಆದರೂ ಒಣಗಲ್ಲ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಅಮೆರಿಕದಲ್ಲಿ ಕೊಳ್ಳೋರು ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ ಓದಿ. ಉಪ್ಪುನೀರಿನ ದ್ರಾವಣ ಸೇರಿಸಿದೆ ಅಂತ ಬರೆದಿದ್ದರೆ ಮಸಾಲೆಯ ಉಪ್ಪನ್ನು ಅರ್ಧಕ್ಕೆ ಇಳಿಸಿ. ತಂಗಿ ಒಮ್ಮೆ ಇದನ್ನು ನೋಡದೆ ಮಾಡಿ, ಮನೆಯವರೆಲ್ಲ ರಾತ್ರಿಯಿಡೀ ನೀರು ಕುಡಿದರು.

ಅಂಗಡಿಯವರು ತುಂಡು ತುಂಡು ಮಾಡಿ ಕೊಟ್ಟುಬಿಟ್ಟರು. ಈಗೇನು ಮಾಡ್ಲಿ?

ಸಾರು ಮಾಡಿ. ತಮಾಷೆಯಲ್ಲ. ಅಡ್ಡಡ್ಡ ಕಡಿದ ಚೂರುಗಳು ಓವನ್‌ನಲ್ಲಿ ಬೇಗ ಒಣಗುತ್ತವೆ, ಮೂಳೆಯ ಚಕ್ಕೆ ಬೇರೆ ಬಾಯಿಗೆ ಸಿಗುತ್ತೆ. ನಮ್ಮ ಕಡೆ ಹಂದಿ ಮಾಂಸ ಅಂದ ಕೂಡಲೇ ಕತ್ತಿ ಎತ್ತೋದು ರೂಢಿ, ಯಾಕಂದರೆ ಕೊಳ್ಳೋರೆಲ್ಲ ಫ್ರೈಗೋ ಪಂದಿ ಕರಿಗೋ ಕೊಳ್ಳೋದು. ತೂಕ ಹಾಕೋ ಮುಂಚೆಯೇ ಹೇಳಿ: “ಅಣ್ಣಾ, ಪಕ್ಕೆ ಇಡೀದಾಗಿ ಬೇಕು, ಕಡೀಬೇಡಿ. ಚರ್ಮ ತೆಗೆದುಬಿಡಿ.” ಶನಿವಾರವೇ ಫೋನ್ ಮಾಡಿ ಹೇಳಿಟ್ಟರೆ ಭಾನುವಾರದ ಗದ್ದಲದಲ್ಲಿ ನಿಮ್ಮದನ್ನು ಎತ್ತಿಟ್ಟಿರುತ್ತಾರೆ. ಓಟಿಜಿ ಚಿಕ್ಕದಾದರೆ ಇಡೀ ಪಕ್ಕೆಯನ್ನು ಮನೆಯಲ್ಲಿ ನೀವೇ ಎರಡು ಮೂಳೆಗಳ ನಡುವೆ ಚಾಕು ಹಾಕಿ ಎರಡು ಭಾಗ ಮಾಡಿ. ಅದರಿಂದ ಏನೂ ಕೆಡಲ್ಲ.

ಹಿಂಬದಿಯ ಪೊರೆ ತೆಗೀಲೇಬೇಕಾ?

ತೆಗೆಯಿರಿ. ಪಕ್ಕೆಯನ್ನು ಬೋರಲು ಹಾಕಿದರೆ ಮೂಳೆಗಳ ಮೇಲೆ ಬೆಳ್ಳಗೆ ಹೊಳೆಯುವ ತೆಳು ಪೊರೆ ಕಾಣುತ್ತೆ. ಎಷ್ಟು ಬೇಯಿಸಿದರೂ ಅದು ಕರಗಲ್ಲ, ಒಣಗಿ ಪ್ಲಾಸ್ಟಿಕ್ ಹಾಳೆಯ ಥರ ಆಗುತ್ತೆ, ಮಸಾಲೆಯನ್ನೂ ಒಳಗೆ ಬಿಡಲ್ಲ. ತುದಿಯಿಂದ ಎರಡನೆಯ ಮೂಳೆಯ ಮೇಲೆ, ಪೊರೆಯ ಕೆಳಗೆ ಚಮಚದ ಹಿಡಿಯನ್ನು ನೂಕಿ ಸ್ವಲ್ಪ ಮೇಲೆತ್ತಿ. ಬೆರಳು ತೂರುವಷ್ಟು ಜಾಗ ಆದ ಮೇಲೆ ಟಿಶ್ಯೂ ಪೇಪರಿನಿಂದ ಹಿಡಿದು ಎಳೆಯಿರಿ. ಬರಿಗೈಯಲ್ಲಿ ಜಾರುತ್ತೆ, ಪೇಪರ್ ಇದ್ದರೆ ಹಿಡಿತ ಸಿಗುತ್ತೆ. ಅದೃಷ್ಟ ಚೆನ್ನಾಗಿದ್ದರೆ ‘ಚರ್ರ್’ ಅಂತ ಒಂದೇ ಎಳೆತಕ್ಕೆ ಇಡೀ ಹಾಳೆ ಬರುತ್ತೆ. ಹರಿದರೆ ಇನ್ನೊಂದು ತುದಿಯಿಂದ ಶುರು ಮಾಡಿ. ಚೂರುಪಾರು ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಎರಡು ಗಂಟೆ ಬೇಯಿಸಿದೆ, ಆದರೂ ಗಟ್ಟಿ. ಜಾಸ್ತಿ ಬೆಂದು ಗಟ್ಟಿಯಾಯ್ತಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಮತ್ತು ಹತ್ತರಲ್ಲಿ ಒಂಬತ್ತು ಸಲ ಉತ್ತರ ಒಂದೇ: ಜಾಸ್ತಿ ಬೆಂದಿಲ್ಲ, ಇನ್ನೂ ಬೆಂದಿಲ್ಲ.

ಮೀನು, ಕೋಳಿಯ ಎದೆ ಇಂಥವು ಬೇಯಿಸಿದಷ್ಟೂ ಗಟ್ಟಿಯಾಗುತ್ತವೆ. ಪಕ್ಕೆಯ ಮಾಂಸದ ಲೆಕ್ಕ ಬೇರೆ. ಹಂದಿ ಉಸಿರಾಡಿದಾಗೆಲ್ಲ ದುಡಿದ ಸ್ನಾಯು ಅದು, ಅದರ ತುಂಬ ಕೊಲಾಜೆನ್ ಅನ್ನುವ ಅಂಟು ನಾರು. ಒಳಗಿನ ಕಾವು 65–70 ಡಿಗ್ರಿ ಮುಟ್ಟುವಾಗ ಮಾಂಸ ಬಿಗಿದುಕೊಂಡು ನೀರು ಹಿಂಡಿರುತ್ತೆ, ಕೊಲಾಜೆನ್ ಮಾತ್ರ ಹಾಗೇ ಕೂತಿರುತ್ತೆ. ಆ ಹೊತ್ತಿಗೆ ತಿಂದರೆ ಹೊಟ್ಟೆಗೇನೂ ಆಗಲ್ಲ, ದವಡೆಗೆ ಆಗುತ್ತೆ. 70 ದಾಟಿದ ಮೇಲೆ ನಿಧಾನವಾಗಿ, 85–95ರ ನಡುವೆ ಚುರುಕಾಗಿ ಈ ಕೊಲಾಜೆನ್ ಜೆಲಾಟಿನ್ ಆಗುತ್ತೆ. ಕಾಲು ಸೂಪು ಕುಡಿದಾಗ ತುಟಿಗೆ ತುಟಿ ಅಂಟುತ್ತಲ್ಲ, ಮಾರನೇ ದಿನ ಫ್ರಿಜ್‌ನಲ್ಲಿ ಗಟ್ಟಿ ಜೆಲ್ಲಿ ಆಗಿರುತ್ತಲ್ಲ, ಅದೇ ಇದು. ಕಾಲು ಸೂಪನ್ನು ಯಾರೂ ಅರ್ಧ ಗಂಟೆಯಲ್ಲಿ ಇಳಿಸಲ್ಲ. ರಿಬ್ಸ್‌ಗೂ ಅದೇ ಮರ್ಯಾದೆ ಕೊಡಿ.

ಅಂದರೆ ನಡುವೆ ಒಂದು ಘಟ್ಟ ಇದೆ, ಅಲ್ಲಿ ಮಾಂಸ ಹಸಿಯಾಗಿದ್ದಾಗಿನದಕ್ಕಿಂತ ಗಟ್ಟಿ. ಅಲ್ಲಿಯೇ ಜನ ಹೆದರಿ ಹೊರಗೆ ತೆಗೆಯೋದು. ಮುಚ್ಚಿ ಮತ್ತೆ ಒಳಗಿಡಿ, ಅರ್ಧ ಗಂಟೆ ಬಿಟ್ಟು ನೋಡಿ.

ಹಾಗಾದರೆ ಎಷ್ಟು ಡಿಗ್ರಿ, ಎಷ್ಟು ಹೊತ್ತು?

135 ಡಿಗ್ರಿ ಸೆಲ್ಸಿಯಸ್, ಅಂದರೆ 275 ಫ್ಯಾರನ್‌ಹೀಟ್. ಫಾಯಿಲ್‌ನಲ್ಲಿ ಸುತ್ತಿದ ಬೇಬಿ ಬ್ಯಾಕ್‌ಗೆ ಎರಡರಿಂದ ಎರಡೂವರೆ ಗಂಟೆ, ಸ್ಪೇರ್ ರಿಬ್ಸ್‌ಗೆ ಎರಡೂವರೆಯಿಂದ ಮೂರು. 150ರಲ್ಲಿ ಅರ್ಧ ಗಂಟೆ ಉಳಿಯುತ್ತೆ, ಆದರೆ ಎಚ್ಚರ ತಪ್ಪಿದರೆ ಅಂಚು ಒಣಗುತ್ತೆ. ಅಮೆರಿಕದ ಹೊಗೆಗೂಡುಗಳಲ್ಲಿ 225 ಫ್ಯಾರನ್‌ಹೀಟ್, ಅಂದರೆ ಸುಮಾರು 107 ಡಿಗ್ರಿಯಲ್ಲಿ ಐದಾರು ಗಂಟೆ ಇಡುತ್ತಾರೆ. ಅಷ್ಟು ಹೊತ್ತು ಹೊಗೆ ಹಿಡಿಯಲಿ ಅನ್ನೋದು ಅವರ ಲೆಕ್ಕ. ಹೊಗೆಯೇ ಇಲ್ಲದ ನಮಗೆ ಆ ತಪಸ್ಸು ಬೇಡ.

ನನ್ನ ಹತ್ತಿರ ಇರೋದು ಚಿಕ್ಕ ಓಟಿಜಿ. ಆಗುತ್ತಾ?

ಆಗುತ್ತೆ, ಆದರೆ ಅದರ ಡಯಲ್ಲನ್ನು ನಂಬಬೇಡಿ. ಒಳಗಿಡುವ ಓವನ್ ಥರ್ಮಾಮೀಟರ್ ಒಂದನ್ನು ತಗೊಳ್ಳಿ. ನನ್ನ ಓಟಿಜಿಯಲ್ಲಿ 150 ಅಂತ ತಿರುಗಿಸಿದರೆ ಒಳಗೆ 175 ಇರುತ್ತೆ ಅಂತ ಗೊತ್ತಾಗೋಕೆ ನನಗೆ ಎರಡು ವರ್ಷ ಬೇಕಾಯ್ತು. ಅಷ್ಟರಲ್ಲಿ ಎಷ್ಟು ಕೇಕ್ ಸುಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಚಿಕ್ಕ ಓಟಿಜಿಯಲ್ಲಿ ರಾಡು ಮಾಂಸಕ್ಕೆ ತೀರಾ ಹತ್ತಿರ ಇರುತ್ತೆ, ಹಾಗಾಗಿ ಟ್ರೇಯನ್ನು ಕೆಳಗಿನ ಹಂತದಲ್ಲಿಟ್ಟು, ಅರ್ಧ ಸಮಯ ಆದಾಗ ಹಿಂದುಮುಂದು ತಿರುಗಿಸಿ.

ಮೈಕ್ರೋವೇವ್ ಇರೋರು ಕನ್ವೆಕ್ಷನ್ ಮೋಡ್ ಇದ್ದರೆ ಮಾತ್ರ ಪ್ರಯತ್ನಿಸಿ. ಮೈಕ್ರೋ ಅಥವಾ ಕಾಂಬಿ ಮೋಡ್‌ನಲ್ಲಿ ಫಾಯಿಲ್ ಕಿಡಿ ಹಾರಿಸುತ್ತೆ. ಕನ್ವೆಕ್ಷನ್‌ನಲ್ಲಿ ಫಾಯಿಲ್ ಇಡಬಹುದೇ ಅನ್ನೋದನ್ನು ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ನೋಡಿಕೊಳ್ಳಿ.

ಮಸಾಲೆಗೆ ಏನೇನು? ಪ್ಯಾಪ್ರಿಕಾ, ಬ್ರೌನ್ ಶುಗರ್ ತರಲೇಬೇಕಾ?

ಪ್ಯಾಪ್ರಿಕಾದ ಕೆಲಸ ಬಣ್ಣ ಕೊಡೋದು, ಖಾರ ಅಲ್ಲ. ಆ ಕೆಲಸಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಹಂಗೇರಿಯಿಂದ ಡಬ್ಬಿ ಯಾಕೆ? ಬ್ರೌನ್ ಶುಗರ್‌ಗೆ ಬದಲು ಪುಡಿ ಬೆಲ್ಲ ನಡೆಯುತ್ತೆ, ಇನ್ನೂ ಚೆನ್ನಾಗಿರುತ್ತೆ ಅಂತಲೇ ನನ್ನ ಅನಿಸಿಕೆ.

ಒಂದು ಕೆಜಿ ರಿಬ್ಸ್‌ಗೆ ನನ್ನ ಅಳತೆ: ಬ್ಯಾಡಗಿ ಪುಡಿ ಒಂದೂವರೆ ದೊಡ್ಡ ಚಮಚ, ಪುಡಿ ಬೆಲ್ಲ ಎರಡು ದೊಡ್ಡ ಚಮಚ, ಉಪ್ಪು 10 ಗ್ರಾಂ (ಎರಡು ಸಣ್ಣ ಚಮಚಕ್ಕೆ ತುಸು ಕಡಿಮೆ), ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ತಲಾ ಒಂದು ಸಣ್ಣ ಚಮಚ, ಸಾಸಿವೆ ಪುಡಿ ಅರ್ಧ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಾಕಬೇಡಿ. ಅದು ಹಾಕಿದ ಕೂಡಲೇ ಪರಿಮಳ ನಮ್ಮ ಫ್ರೈ ಕಡೆಗೆ ತಿರುಗಿಬಿಡುತ್ತೆ. ಗರಂ ಮಸಾಲೆಯಂತೂ ಬೇಡವೇ ಬೇಡ. ನನ್ನ ಅತ್ತೆ ನನ್ನ ಬೆನ್ನ ಹಿಂದೆ ಒಂದು ಚಿಟಿಕೆ ಹಾಕಿದ್ದರು. ರುಚಿಯಾಗಿತ್ತು, ಆದರೆ ಬಾರ್ಬೆಕ್ಯೂ ಆಗಿರಲಿಲ್ಲ.

ಹಿಂದಿನ ರಾತ್ರಿಯೇ ಸವರಿಡಬೇಕಾ?

ಉಪ್ಪು ಒಳಗೆ ಇಳಿಯೋಕೆ ಸಮಯ ಬೇಕು, ಉಳಿದ ಮಸಾಲೆ ಎಷ್ಟು ಹೊತ್ತಿಟ್ಟರೂ ಮೇಲೆಯೇ ಇರುತ್ತೆ. ರಾತ್ರಿ ಸವರಿ ಫ್ರಿಜ್‌ನಲ್ಲಿಟ್ಟರೆ ಒಳ್ಳೆಯದು, ಒಂದು ಗಂಟೆ ಮುಂಚೆ ಸವರಿದರೂ ನಷ್ಟವಿಲ್ಲ.

ಫಾಯಿಲ್‌ನ ಹೊಳೆಯುವ ಬದಿ ಒಳಗೋ ಹೊರಗೋ?

ಯಾವ ಬದಿಯಾದರೂ ಒಂದೇ. ಕಾರ್ಖಾನೆಯಲ್ಲಿ ಕೊನೆಗೆ ಎರಡು ಹಾಳೆ ಸೇರಿಸಿ ರೋಲರ್‌ಗೆ ಕೊಡುತ್ತಾರೆ. ರೋಲರ್ ತಾಗಿದ ಬದಿ ಹೊಳೆಯುತ್ತೆ, ಹಾಳೆಗೆ ಹಾಳೆ ತಾಗಿದ ಬದಿ ಮಂಕು, ಅಷ್ಟೇ ವ್ಯತ್ಯಾಸ.

ಚಿಂತೆ ಮಾಡಬೇಕಾದ್ದು ತೂತಿನ ಬಗ್ಗೆ. ಮೂಳೆಯ ತುದಿ ಸೂಜಿಯ ಹಾಗೆ ಫಾಯಿಲ್ ಸೀಳುತ್ತೆ. ಒಮ್ಮೆ ನನಗೆ ಗೊತ್ತಾಗದೆ ರಸವೆಲ್ಲ ಟ್ರೇಗೆ ಸೋರಿ, ಅಲ್ಲಿ ಸೀದು, ಮಾಂಸ ಒಳಗೆ ಒಣಗಿ ಕೂತಿತ್ತು. ಎರಡು ಪದರ ಹಾಕಿ. ಮಾಂಸದ ಬದಿ ಕೆಳಗೆ, ಮೂಳೆ ಮೇಲೆ ಬರೋ ಹಾಗಿಟ್ಟು, ಎರಡು ಚಮಚ ನೀರು ಅಥವಾ ಸೇಬಿನ ರಸ ಹಾಕಿ, ಅಂಚುಗಳನ್ನು ಕಡುಬಿನ ಅಂಚು ಮಡಚಿದ ಹಾಗೆ ಮಡಚಿ. ಹಬೆ ಹೊರಗೆ ಹೋಗಬಾರದು. ಇದಕ್ಕೆ ಅಮೆರಿಕದಲ್ಲಿ ‘ಟೆಕ್ಸಾಸ್ ಊರುಗೋಲು’ ಅಂತ ಅಡ್ಡಹೆಸರಿದೆ. ಹೊಗೆಗೂಡಿನವರು ಸ್ವಲ್ಪ ತಾತ್ಸಾರದಿಂದಲೇ ಹೇಳೋದು, ಆದರೆ ಅವರಲ್ಲೂ ಬಹಳ ಜನ ಸುತ್ತುತ್ತಾರೆ.

ಮಾಂಸಕ್ಕೆ ನೇರವಾಗಿ ಫಾಯಿಲ್ ತಾಗೋದು ಇಷ್ಟವಿಲ್ಲದಿದ್ದರೆ ನಡುವೆ ಬೇಕಿಂಗ್ ಪೇಪರ್ ಹಾಕಿ.

ಇಷ್ಟೆಲ್ಲ ಯಾಕೆ, ಕುಕ್ಕರ್‌ನಲ್ಲಿ ನಾಲ್ಕು ಕೂಗು ಕೂಗಿಸಿ ಆಮೇಲೆ ಓವನ್‌ಗೆ ಹಾಕಬಾರದಾ?

ಹಾಕಬಹುದು, ನಾನೂ ವಾರದ ದಿನಗಳಲ್ಲಿ ಹಾಗೆ ಮಾಡಿದ್ದೇನೆ. ಪ್ರೆಷರ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ತಾನಾಗಿಯೇ ಗಾಳಿ ಇಳಿಯಲು ಬಿಡಿ, ಸಾಸ್ ಸವರಿ ಓವನ್‌ನಲ್ಲಿ ಹತ್ತು ನಿಮಿಷ. ಮೃದುವಾಗುತ್ತೆ. ಆದರೆ ಮಸಾಲೆ ತೊಳೆದು ಹೋಗಿರುತ್ತೆ, ಮೇಲ್ಮೈ ಬೇಯಿಸಿದ ಮಾಂಸದ ಹಾಗೆ ಬೆಳ್ಳಗೆ. ರುಚಿಯ ಅರ್ಧ ಭಾಗ ಕುಕ್ಕರ್‌ನ ನೀರಿನಲ್ಲಿ ಉಳಿಯುತ್ತೆ. ನೀರು ಕಡಿಮೆ ಹಾಕಿ, ರಿಬ್ಸ್ ಅದರಲ್ಲಿ ಮುಳುಗದ ಹಾಗೆ ತಟ್ಟೆಯ ಮೇಲಿಡಿ. ತೆರೆದ ಪಾತ್ರೆಯಲ್ಲಿ ಕುದಿಸಿ ನೀರು ಚೆಲ್ಲೋದು ಮಾತ್ರ ಪಾಪ.

ಹದ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ಗಡಿಯಾರ ಹೇಳಲ್ಲ. ಹಂದಿಯ ವಯಸ್ಸು, ಪಕ್ಕೆಯ ದಪ್ಪ, ಓವನ್ನಿನ ಮನಸ್ಸು ಎಲ್ಲ ಬೇರೆ ಬೇರೆ. ಮೂರು ಪರೀಕ್ಷೆ ಇವೆ.

ಮೊದಲನೆಯದು ಕಣ್ಣಿಗೆ: ಮೂಳೆಯ ತುದಿಯಿಂದ ಮಾಂಸ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಸರಿದಿರಬೇಕು. ಎರಡನೆಯದು ಕೈಗೆ: ಎರಡು ಮೂಳೆಗಳ ನಡುವೆ ಟೂತ್‌ಪಿಕ್ ಚುಚ್ಚಿ. ಕೇಕಿಗೆ ಚುಚ್ಚಿದ ಹಾಗೆ ಸಲೀಸಾಗಿ ಇಳಿಯಬೇಕು, ತಡೆದರೆ ಇನ್ನೂ ಇದೆ. ಮೂರನೆಯದು ನನಗೆ ತುಂಬ ಇಷ್ಟ. ಇಕ್ಕಳದಲ್ಲಿ ಪಕ್ಕೆಯ ಒಂದು ತುದಿಯನ್ನು ಮೂರ್ನಾಲ್ಕು ಮೂಳೆ ಒಳಗಿನವರೆಗೆ ಹಿಡಿದು ಮೆಲ್ಲಗೆ ಎತ್ತಿ. ಬೇಯದಿದ್ದರೆ ಹಲಗೆಯ ಹಾಗೆ ನೆಟ್ಟಗೆ ನಿಲ್ಲುತ್ತೆ. ಹದ ಬಂದಿದ್ದರೆ ಇನ್ನೊಂದು ತುದಿ ಒದ್ದೆ ಟವೆಲ್ಲಿನ ಹಾಗೆ ಜೋಲುತ್ತೆ, ಬಾಗಿದ ಕಡೆ ಮೇಲ್ಮೈ ಬಿರುಕು ಬಿಟ್ಟು ಒಳಗಿನ ಎಳೆ ಕಾಣುತ್ತೆ. ಆ ಬಿರುಕು ನೋಡಿದ ಕೂಡಲೇ ನಾನು ಓವನ್ ಆರಿಸೋದು. ಥರ್ಮಾಮೀಟರ್ ಇರೋರಿಗೆ 90ರಿಂದ 95 ಡಿಗ್ರಿ, ಆದರೆ ಅದರ ಮುಳ್ಳು ಮೂಳೆಗೆ ತಾಗಿದರೆ ಸುಳ್ಳು ಲೆಕ್ಕ ಕೊಡುತ್ತೆ.

ಮಾಂಸ ಮೂಳೆಯಿಂದ ತಾನಾಗಿ ಕಳಚಿ ಬೀಳಬೇಕಲ್ವಾ?

ಅಮೆರಿಕದ ಸ್ಪರ್ಧೆಗಳಲ್ಲಿ ಹಾಗೆ ಬಿದ್ದರೆ ಅಂಕ ಹೋಗುತ್ತೆ. ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ತೀರ್ಪುಗಾರರು ನೋಡೋದು, ಕಚ್ಚಿದ ಕಡೆ ಮಾತ್ರ ಮಾಂಸ ಬಿಟ್ಟು ಬಂತಾ, ಹಲ್ಲಿನ ಗುರುತು ಹಾಗೇ ನಿಂತಿತಾ ಅಂತ. ನಮ್ಮ ಮನೆಯಲ್ಲಿ ತೀರ್ಪುಗಾರರು ಬೇರೆ. ಅಪ್ಪನಿಗೆ ಹಲ್ಲಿನ ತೊಂದರೆ, ಅವರ ಪಾಲಿಗೆ ಇನ್ನೂ ಅರ್ಧ ಗಂಟೆ ಜಾಸ್ತಿ ಇಡುತ್ತೇನೆ.

ಸಾಸ್ ಯಾವಾಗ? ಮತ್ತೆ ಅದು ಯಾಕಷ್ಟು ಸಿಹಿ?

ಸಾಸ್ ಕೊನೆಯ ಇಪ್ಪತ್ತು ನಿಮಿಷದಲ್ಲಿ. ಫಾಯಿಲ್ ಬಿಚ್ಚಿ, ರಸವನ್ನು ಬಟ್ಟಲಿಗೆ ಬಗ್ಗಿಸಿ, ಮಾಂಸದ ಬದಿ ಮೇಲೆ ಮಾಡಿ, ತೆಳುವಾಗಿ ಸವರಿ. 200 ಡಿಗ್ರಿಯಲ್ಲಿ ಏಳೆಂಟು ನಿಮಿಷ, ಮತ್ತೊಂದು ಕೋಟು, ಮತ್ತೆ ಏಳೆಂಟು ನಿಮಿಷ. ಕೊನೆಗೆ ಮೇಲಿನ ರಾಡು ಮಾತ್ರ ಹಾಕಿ ಎರಡು ಮೂರು ನಿಮಿಷ. ಈ ಎರಡು ಮೂರು ನಿಮಿಷ ಗಾಜಿನ ಮುಂದೆಯೇ ಕೂತಿರಿ, ಫೋನ್ ಬಂದರೂ ಏಳಬೇಡಿ. ಬೆಲ್ಲದ ಪಾಕ ಹದ ತಪ್ಪೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಲ್ಲ.

ಸಾಸ್‌ಗೆ: ಕೆಚಪ್ ಒಂದು ಕಪ್, ಬೆಲ್ಲ ಕಾಲು ಕಪ್, ವಿನೆಗರ್ ಮೂರು ದೊಡ್ಡ ಚಮಚ, ವೂಸ್ಟರ್ ಸಾಸ್ ಒಂದು ದೊಡ್ಡ ಚಮಚ, ಬ್ಯಾಡಗಿ ಪುಡಿ, ಕಾಳುಮೆಣಸು. ಬಗ್ಗಿಸಿಟ್ಟ ರಸದ ಮೇಲಿನ ಜಿಡ್ಡು ತೆಗೆದು ಅದನ್ನೂ ಸೇರಿಸಿ, ಚಮಚದ ಬೆನ್ನಿಗೆ ಅಂಟುವವರೆಗೆ ಕುದಿಸಿ. ಕೊಡಗಿನ ಕಾಚಂಪುಳಿ ಮನೆಯಲ್ಲಿದ್ದರೆ ವಿನೆಗರ್ ಕಡಿಮೆ ಮಾಡಿ ಅರ್ಧ ಸಣ್ಣ ಚಮಚ ಹಾಕಿ ನೋಡಿ. ಆ ಕಪ್ಪು ಹುಳಿಗೂ ಹಂದಿ ಕೊಬ್ಬಿಗೂ ಇರುವ ನಂಟು ಕೊಡವರಿಗೆ ಹೇಳಿಕೊಡಬೇಕಿಲ್ಲ.

ಸಿಹಿಯ ವಿಷಯ: ದಪ್ಪ ಸಿಹಿ ಟೊಮೆಟೊ ಸಾಸ್ ಕಾನ್ಸಾಸ್ ಸಿಟಿಯ ಗುರುತು ಅಂತ ಈಗ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ 1908ರ ಸುಮಾರಿಗೆ ಆ ಊರಿನಲ್ಲಿ ಬಾರ್ಬೆಕ್ಯೂ ವ್ಯಾಪಾರ ಶುರು ಮಾಡಿದ ಹೆನ್ರಿ ಪೆರಿಯ ಸಾಸ್ ಖಾರವಾಗಿ, ಒರಟಾಗಿತ್ತಂತೆ. ಮಕ್ಕಳ ಮನೋವೈದ್ಯ ರಿಚ್ ಡೇವಿಸ್ 1970ರ ದಶಕದ ಕೊನೆಯಲ್ಲಿ ಕೆಸಿ ಮಾಸ್ಟರ್‌ಪೀಸ್ ಅನ್ನುವ ಸಿಹಿ ಸಾಸ್ ಬಾಟಲಿಯಲ್ಲಿ ಮಾರತೊಡಗಿದ ಮೇಲೆ ಅಂಗಡಿಗಳ ತುಂಬ ಆ ರುಚಿಯೇ ಹರಡಿತು. ಸಿಹಿ ಆಗದಿದ್ದರೆ ಮೆಂಫಿಸ್‌ನವರ ದಾರಿ ಹಿಡಿಯಿರಿ. ಅಲ್ಲಿ ಒಣ ರಿಬ್ಸ್ ಪ್ರಸಿದ್ಧ: ಸಾಸ್ ಇಲ್ಲ, ಕೊನೆಗೆ ಇನ್ನೊಂದಿಷ್ಟು ಮಸಾಲೆ ಪುಡಿ ಉದುರಿಸಿ ಬಡಿಸೋದು. ಖಾರ ತಿನ್ನೋ ನಮ್ಮ ನಾಲಿಗೆಗೆ ಅದೇ ಹತ್ತಿರ.

ಹೊಗೆಯ ರುಚಿ ಬರಿಸೋಕೆ ಏನಾದರೂ ದಾರಿ?

ಓವನ್‌ನೊಳಗೆ ಸೌದೆ ಚಕ್ಕೆ ಹೊತ್ತಿಸಬೇಡಿ. ಹೊಗೆಗೆ ಹೋಗೋಕೆ ಚಿಮಣಿ ಇಲ್ಲ, ಮುಚ್ಚಿದ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಆಟವಾಡುವ ವಸ್ತುವಲ್ಲ. ಹೊಗೆ ಹಿಡಿಸಿದ ಪ್ಯಾಪ್ರಿಕಾ ಸಿಕ್ಕರೆ ಬ್ಯಾಡಗಿ ಪುಡಿಯಲ್ಲಿ ಅರ್ಧಕ್ಕೆ ಬದಲು ಹಾಕಿ, ಸುಲಭ. ಲಿಕ್ವಿಡ್ ಸ್ಮೋಕ್ ಬಾಟಲಿಯೂ ಸಿಗುತ್ತೆ. ಸೌದೆ ಹೊಗೆಯನ್ನು ತಣಿಸಿ ನೀರಿಗಿಳಿಸಿದ್ದು ಅದು. ಸಾಸ್‌ಗೆ ಕಾಲು ಸಣ್ಣ ಚಮಚ ಸಾಕು. ಜಾಸ್ತಿ ಹಾಕಿದರೆ ಆಸ್ಪತ್ರೆ ವಾಸನೆ.

ನಾನು ಮಾಡೋದು ಧುಂಗಾರ್. ರಿಬ್ಸ್ ಬೆಂದ ಮೇಲೆ ದೊಡ್ಡ ಪಾತ್ರೆಯಲ್ಲಿಟ್ಟು, ನಡುವೆ ಸ್ಟೀಲ್ ಬಟ್ಟಲಲ್ಲಿ ನಿಗಿನಿಗಿ ಕೆಂಡ, ಅದರ ಮೇಲೆ ಅರ್ಧ ಚಮಚ ತುಪ್ಪ, ತಕ್ಷಣ ಮುಚ್ಚಳ. ಐದು ನಿಮಿಷ, ಕಿಟಕಿ ತೆರೆದು. ಹಿಕರಿ ಪರಿಮಳ ಅಲ್ಲ ಅದು, ಆದರೆ ಮುಚ್ಚಳ ತೆಗೆದಾಗ ಮಕ್ಕಳು ಓಡಿ ಬರುತ್ತಾರೆ.

ಹಂದಿ ಮಾಂಸದಲ್ಲಿ ಹುಳ ಇರುತ್ತೆ ಅಂತಾರೆ. ಮೂಳೆ ಹತ್ತಿರ ಗುಲಾಬಿ ಬಣ್ಣ ಇದ್ದರೆ?

ಭಯ ಸುಳ್ಳಲ್ಲ. ಸರಿಯಾಗಿ ಬೇಯಿಸದ ಹಂದಿ ಮಾಂಸದಿಂದ ಲಾಡಿಹುಳ ಬರಬಹುದು. ಆದರೆ ಅಮೆರಿಕದ ಕೃಷಿ ಇಲಾಖೆ ಹಂದಿಯ ಇಡೀ ತುಂಡುಗಳಿಗೆ ಹೇಳುವ ಸುರಕ್ಷಿತ ಮಟ್ಟ 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿ. ನಾವು ಇಲ್ಲಿ 90 ದಾಟಿಸುತ್ತಿದ್ದೇವೆ. ಮೂಳೆ ಹತ್ತಿರದ ಗುಲಾಬಿ ಮಜ್ಜೆಯ ಬಣ್ಣ, ಹಸಿಯಲ್ಲ. ಹಸಿ ಮಾಂಸ ಕತ್ತರಿಸಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ, ಎಚ್ಚರ ಬೇಕಾದ್ದು ಅಲ್ಲಿ.

ನಡುವೆ ಕರೆಂಟ್ ಹೋಯ್ತು!

ಬಾಗಿಲು ತೆಗೆಯಬೇಡಿ. ಅರ್ಧ ಮುಕ್ಕಾಲು ಗಂಟೆಯಾದರೆ ಕಾವು ಸಾಕಷ್ಟು ಉಳಿದಿರುತ್ತೆ, ಬಂದ ಮೇಲೆ ಮುಂದುವರಿಸಿ, ಕಳೆದ ಸಮಯ ಸೇರಿಸಿ. ಅದಕ್ಕಿಂತ ತಡ ಆಗೋ ಲಕ್ಷಣ ಕಂಡರೆ ಗ್ಯಾಸ್ ಒಲೆಗೆ ಬನ್ನಿ: ದಪ್ಪ ತಳದ ಪಾತ್ರೆ, ಒಳಗೆ ಸ್ಟ್ಯಾಂಡು, ಎರಡು ಲೋಟ ನೀರು, ಫಾಯಿಲ್ ಪೊಟ್ಟಣ ಹಾಗೇ ಅದರ ಮೇಲೆ, ಮುಚ್ಚಳ, ಸಣ್ಣ ಉರಿ. ಇಡ್ಲಿ ಬೇಯಿಸಿದ ಹಾಗೇ. ಅರೆಬೆಂದ ಮಾಂಸವನ್ನು ಬೆಚ್ಚಗೆ ಎರಡು ಗಂಟೆಗಿಂತ ಹೆಚ್ಚು ಸುಮ್ಮನೆ ಬಿಡಬೇಡಿ.

ಕರೆಂಟ್ ಬಿಲ್?

1,600 ವಾಟ್‌ನ ಓಟಿಜಿ ಮೂರು ಗಂಟೆ ಎಡೆಬಿಡದೆ ಉರಿದರೆ ಐದು ಯೂನಿಟ್‌ಗೆ ಸ್ವಲ್ಪ ಕಡಿಮೆ. 135 ಡಿಗ್ರಿಯಲ್ಲಿ ಅದು ಆಗಾಗ ತಾನೇ ಆಫ್ ಆಗುತ್ತಿರುತ್ತೆ, ಹಾಗಾಗಿ ಅಷ್ಟೂ ಆಗಲ್ಲ.

ನಾವು ಹಂದಿ ತಿನ್ನಲ್ಲ. ಮಟನ್‌ನಲ್ಲಿ ಮಾಡಿದರೆ ಅಪಚಾರವಾ?

ಖಂಡಿತ ಅಲ್ಲ. ಕೆಂಟಕಿ ರಾಜ್ಯದಲ್ಲಿ ಒಹಾಯೋ ನದಿಯ ದಡದ ಓವನ್ಸ್‌ಬರೋ ಅನ್ನುವ ಊರು ಕುರಿ ಮಾಂಸದ ಬಾರ್ಬೆಕ್ಯೂಗೇ ಹೆಸರುವಾಸಿ. ಅಲ್ಲಿನ ಸಾಸ್ ಕೆಂಪಲ್ಲ, ವೂಸ್ಟರ್ ಸಾಸ್ ಮತ್ತು ವಿನೆಗರ್‌ನ ತೆಳು ಕಪ್ಪು ರಸ. ನಮ್ಮಲ್ಲಿ ಒಳ್ಳೆಯ ಬನ್ನೂರು ಕುರಿಯ ಪಕ್ಕೆ ಸಿಕ್ಕರೆ ಯಾಕೆ ಬಿಡಬೇಕು? ಇಡೀ ಪಕ್ಕೆ ಕೇಳಿ, ಮೇಲಿನ ದಪ್ಪ ಕೊಬ್ಬು ತೆಗೆಸಿ, ಬೆಲ್ಲ ಅರ್ಧ ಮಾಡಿ, ಕಾಳುಮೆಣಸು ಎರಡರಷ್ಟು ಹಾಕಿ. 135 ಡಿಗ್ರಿಯಲ್ಲಿ ಎರಡೂವರೆ ಗಂಟೆಗೆ ಮೊದಲ ಪರೀಕ್ಷೆ. ಬಲಿತ ಕುರಿಯಾದರೆ ಮೂರೂವರೆ ಹಿಡಿದರೂ ಆಶ್ಚರ್ಯವಿಲ್ಲ. ತಣ್ಣಗಾದರೆ ಕುರಿ ಕೊಬ್ಬು ಬಾಯಲ್ಲಿ ಮೇಣದ ಹಾಗೆ ಹಿಡಿಯುತ್ತೆ, ಬಿಸಿಬಿಸಿಯಾಗಿ ಬಡಿಸಿ.

ಹಿಂದಿನ ದಿನವೇ ಮಾಡಿಡಬಹುದಾ?

ನೆಂಟರು ಬರೋ ದಿನ ನಾನು ಹಾಗೇ ಮಾಡೋದು. ಸಾಸ್ ಹಚ್ಚುವ ಮುಂಚಿನ ಹಂತದವರೆಗೆ ಮಾಡಿ, ಆರಿಸಿ, ಫಾಯಿಲ್ ಸಮೇತ ಫ್ರಿಜ್‌ಗೆ. ಮೂರು ದಿನ ಇರುತ್ತೆ. ಮಾರನೇ ದಿನ 135ರಲ್ಲೇ ಅರ್ಧ ಗಂಟೆ ಬಿಸಿ ಮಾಡಿ, ಆಮೇಲೆ ಸಾಸ್. ತಣ್ಣಗಿರುವಾಗ ಮೂಳೆಗಳ ನಡುವೆ ಕತ್ತರಿಸೋದೂ ಸುಲಭ. ಒಂದು ಕೆಜಿ ಅಂದರೆ ಎರಡು ಮೂರು ಜನಕ್ಕೆ, ಅದರಲ್ಲಿ ಮೂಳೆಯ ತೂಕವೇ ಬೇಕಾದಷ್ಟಿರುತ್ತೆ. ಜೊತೆಗೆ ಎಲೆಕೋಸಿನ ಕೋಸಂಬರಿ ಮಾಡಿ, ನಿಂಬೆಹುಳಿ ಜಾಸ್ತಿ ಇರಲಿ.

ಉಳಿದ ಮೂಳೆ ಬೀದಿ ನಾಯಿಗೆ ಹಾಕಬಹುದಾ?

ಬೇಡ. ಬೇಯಿಸಿದ ಮೂಳೆ ಸೀಳು ಸೀಳಾಗಿ ಒಡೆದು ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತೆ, ಮಸಾಲೆಯಲ್ಲಿರುವ ಈರುಳ್ಳಿ ಬೆಳ್ಳುಳ್ಳಿಯೂ ನಾಯಿಗೆ ಒಳ್ಳೆಯದಲ್ಲ. ನಮ್ಮ ಬೀದಿಯ ಕರಿಯ ಈ ಉತ್ತರ ಒಪ್ಪಲ್ಲ. ರಿಬ್ಸ್ ಮಾಡಿದ ದಿನ ಗೇಟಿನ ಮುಂದಿಂದ ಏಳೋದೇ ಇಲ್ಲ. ಅವನಿಗೆ ಬೇರೆಯಾಗಿ, ಉಪ್ಪು ಖಾರ ಹಾಕದೆ ಒಂದು ಮೊಟ್ಟೆ ಬೇಯಿಸಿ ಕೊಡುತ್ತೇನೆ.